ಹಾಡಿದವರ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬ್ರೆಜಿಲ್‌ನ ಬೊಸ್ಸಾ ನೋವಾ ಎಂಬ ಸಂಗೀತ ಶೈಲಿಯ ಬಗ್ಗೆ ಬರಹ ಬಂದಿದ್ದು ನೋಡಿ ಖುಷಿಯಾಯಿತು. ಕನ್ನಡ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಅರ್ಧ ಪುಟ ಸಿಗೋದೇ ಅಪರೂಪ. ಆದರೆ ಓದುತ್ತಾ ಹೋದ ಹಾಗೆ ಕಿರಿಕಿರಿ ಜಾಸ್ತಿಯಾಯಿತು. ಬರಹದ ಪ್ರಕಾರ ಬೊಸ್ಸಾ ನೋವಾ ಅಂದರೆ ಅಮೆರಿಕದ ಜಾಝ್ ರಿಯೊ ಕಡಲತೀರಕ್ಕೆ ಹೋಗಿ ಒಂಚೂರು ಮೆತ್ತಗಾಗಿದ್ದು, ಅಷ್ಟೆ. ಜತೆಗೆ ಹಾಕಿದ ಫೋಟೊ ಸ್ಯಾಕ್ಸೊಫೋನ್ ಹಿಡಿದ ಅಮೆರಿಕದ ಜಾಝ್ ವಾದಕ ಸ್ಟಾನ್ ಗೆಟ್ಜ್ ಅವರದು. ಹಾಡಿದವರ ಹೆಸರು ಇಡೀ ಬರಹದಲ್ಲಿ ಒಂದು ಕಡೆಯೂ ಇಲ್ಲ! ಗೆಟ್ಜ್ ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡಿನ ಬಗ್ಗೆ ಬರೆಯುವಾಗ ಹಾಡಿದವರನ್ನೇ ಬಿಟ್ಟರೆ ಹೇಗೆ? ಅದಕ್ಕೇ ಈ ಪತ್ರ. ಉದ್ದವಾಯಿತು ಅನಿಸಿದರೆ ಕತ್ತರಿ ಹಾಕಿ, ಬೇಜಾರಿಲ್ಲ. ಹೆಸರುಗಳನ್ನು ಮಾತ್ರ ಕತ್ತರಿಸಬೇಡಿ.

ಮೊದಲು ಜುವಾವ್ ಜಿಲ್ಬರ್ಟೊ, ಈ ಗಾಯನ ಶುರುವಾಗಿದ್ದೇ ಇವರಿಂದ. 1931ರಲ್ಲಿ ಬಾಹಿಯಾ ರಾಜ್ಯದ ಜುವಾಜೇರೊ ಎಂಬ ಹೊಳೆದಂಡೆಯ ಊರಲ್ಲಿ ಹುಟ್ಟಿದವರು. 1950ರಲ್ಲಿ ರಿಯೊಗೆ ಬಂದಿದ್ದೇ ಹಾಡೋಕೆ. ಆಗ ಅಲ್ಲಿ ನಾಲ್ಕೈದು ಗಂಡು ದನಿಗಳು ಸೇರಿ ಸ್ವರ ಜೋಡಿಸಿ ಹಾಡುವ ತಂಡಗಳಿಗೆ ರೇಡಿಯೊದಲ್ಲಿ ಒಳ್ಳೇ ಬೇಡಿಕೆ ಇತ್ತು. ಅಂಥ ಒಂದು ತಂಡದಲ್ಲಿ, ಗರೋಟೊಸ್ ದ ಲೂವಾ ಅಂತ ಅದರ ಹೆಸರು, ಇವರು ಮುಖ್ಯ ಗಾಯಕ. ಆದರೆ ಹೇಳಿದ ಹೊತ್ತಿಗೆ ಬರುವ ಆಸಾಮಿಯಲ್ಲ. ಸುಮಾರು ಒಂದು ವರ್ಷದಲ್ಲೇ ತಂಡದವರು ಕೈಬಿಟ್ಟರು. ಆಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಅಲೆದಾಟ. ಕೊನೆಗೆ ಮಿನಾಸ್ ಜೆರಾಯಿಸ್ ರಾಜ್ಯದ ದಿಯಾಮಂಟಿನಾದಲ್ಲಿ ಅಕ್ಕನ ಮನೆ ಸೇರಿಕೊಂಡರು. ಅಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಗೋಡೆಯ ಟೈಲ್ಸಿಗೆ ದನಿ ತಾಗಿ ಹೇಗೆ ವಾಪಸ್ ಬರುತ್ತದೆ ಅಂತ ಕೇಳಿಕೊಳ್ಳುತ್ತಾ, ಗಂಟೆಗಟ್ಟಲೆ ಗಿಟಾರ್ ಹಿಡಿದು ಕೂರುತ್ತಿದ್ದರಂತೆ. ಮನೆಯವರಿಗೆ ಇವನ ತಲೆ ಕೆಟ್ಟಿದೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಆ ಬಚ್ಚಲುಮನೆಯಲ್ಲಿ ಆಗಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ವಿಷಯ ಇರೋದೇ ಅಲ್ಲಿ. ಬ್ರೆಜಿಲ್‌ನ ಕುಣಿತದ ಸಂಗೀತವಾದ ಸಾಂಬಾದ ಮೆರವಣಿಗೆಯಲ್ಲಿ ಸುರ್ದೊ ಅಂತ ದೊಡ್ಡ ಡ್ರಮ್ ಇರುತ್ತದೆ. ಅದು ಗುಮ್, ಗುಮ್ ಅಂತ ನಡೆ ಹಿಡಿಯುತ್ತದೆ. ತಂಬೊರಿಂ ಅಂತ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಡ್ರಮ್ ಇನ್ನೊಂದು. ಕಡ್ಡಿಯಲ್ಲಿ ಬಾರಿಸಿದರೆ ಅದು ತಾಳದ ಸಂದಿಗಳಲ್ಲಿ ಟಕಟಕ ಅನ್ನುತ್ತದೆ. ಜುವಾವ್ ಇವೆರಡನ್ನೂ ಒಂದು ಗಿಟಾರಿಗೆ ಇಳಿಸಿಬಿಟ್ಟರು. ಹೆಬ್ಬೆರಳಿಗೆ ಸುರ್ದೊ ಕೆಲಸ. ಉಳಿದ ಬೆರಳುಗಳು ತಂತಿಗಳನ್ನು ಒಟ್ಟಿಗೆ ಮೀಟಿ ತಂಬೊರಿಂ ಕೆಲಸ ಮಾಡುತ್ತವೆ. ಇದರ ಮೇಲೆ ದನಿ. ಆ ದನಿಯಲ್ಲಿ ಅಲುಗಾಟ ಇಲ್ಲ, ಎಳೆತ ಇಲ್ಲ, ಪಕ್ಕದಲ್ಲಿ ಕೂತು ಮಾತಾಡುವಷ್ಟೇ ಜೋರು. ಆದರೆ ಅದು ಗಿಟಾರಿನ ಜತೆಗೆ ಹೆಜ್ಜೆ ಹಾಕೋದಿಲ್ಲ. ಬಸ್ಸು ಹೊರಟ ಮೇಲೆ ಆರಾಮಾಗಿ ನಡೆದು ಬಂದು ಸರಿಯಾದ ಹೊತ್ತಿಗೆ ಮೆಟ್ಟಿಲು ಹತ್ತುವವರು ಇರ್ತಾರಲ್ಲ, ಹಾಗೆ ಸಾಲಿನ ಕೊನೆಗೆ ಬಂದು ಸೇರಿಕೊಳ್ಳುತ್ತದೆ. ಕೆಲವು ಸಲ ಮುಂಚೆಯೇ ಹೋಗಿ ಕಾಯುತ್ತದೆ. ಹೆಬ್ಬೆರಳು ಮಾತ್ರ ಒಂದು ಚೂರೂ ಕದಲೋದಿಲ್ಲ. ಒಬ್ಬನೇ ಮನುಷ್ಯ ಎರಡು ಲಯಗಳಲ್ಲಿ ನಡೆಯೋದು ಅಂದರೆ ಇದು. ಹೇಳೋಕೆ ಸುಲಭ, ಗಿಟಾರ್ ಗೊತ್ತಿರುವ ಯಾರನ್ನಾದರೂ ಮಾಡಿ ತೋರಿಸಿ ಅಂತ ಕೇಳಿ ನೋಡಿ.

1958ರಲ್ಲಿ ಇವರು ಟಾಮ್ ಜೋಬಿಂ ಅವರ ರಾಗಕ್ಕೆ, ವಿನಿಸಿಯಸ್ ದೆ ಮೊರಾಯಿಸ್ ಬರೆದ ಸಾಹಿತ್ಯ ಇಟ್ಟುಕೊಂಡು, 'ಶೇಗಾ ದೆ ಸೌದಾಜಿ' ಎಂಬ ಹಾಡು ರೆಕಾರ್ಡ್ ಮಾಡಿದರು. (ಈ ವಿನಿಸಿಯಸ್ ವಿದೇಶಾಂಗ ಇಲಾಖೆಯ ಅಧಿಕಾರಿ ಕೂಡ ಆಗಿದ್ದರು. ಆಫೀಸು ಕೆಲಸ ಮತ್ತು ಸಾಂಬಾ ಎರಡನ್ನೂ ಹೇಗೆ ಸಂಭಾಳಿಸಿದರೋ.) ಸ್ಟುಡಿಯೊದಲ್ಲಿ ಜುವಾವ್ ಎರಡು ಮೈಕ್ ಬೇಕು ಅಂತ ಹಟ ಹಿಡಿದರು, ದನಿಗೆ ಒಂದು, ಗಿಟಾರಿಗೆ ಒಂದು. ಆ ಕಾಲಕ್ಕೆ ಅದು ಅತಿ ಅನಿಸಿರಬೇಕು. ಆದರೆ ಮೈಕ್ ಇಲ್ಲದೆ ಈ ಗಾಯನವೇ ಇಲ್ಲ. ಅದಕ್ಕೂ ಮುಂಚೆ ರೇಡಿಯೊದಲ್ಲಿ ಮೆರೆದವರು ಸಭಾಂಗಣದ ಕೊನೆಯ ಸಾಲಿಗೆ ಮುಟ್ಟುವ ಹಾಗೆ ಹಾಡುತ್ತಿದ್ದರು. ಇವರು ಮೈಕಿಗಷ್ಟೇ ಹಾಡಿದರು.

ಇದರಲ್ಲಿ ಜಾಝ್ ಎಲ್ಲಿದೆ? ಖಂಡಿತ ಇದೆ. ಜೋಬಿಂ ಅವರ ಸ್ವರಜೋಡಣೆಯಲ್ಲಿ ಇದೆ, ಅದರ ಜತೆ ಯುರೋಪಿನ ಶಾಸ್ತ್ರೀಯ ಸಂಗೀತದ ಶೋಪ್ಯಾನ್ ಮತ್ತು ದೆಬ್ಯುಸಿ ಕೂಡ ಇದ್ದಾರೆ. ಜುವಾವ್ ಅವರ ನೇರವಾದ ದನಿಯಲ್ಲಿ ಅಮೆರಿಕದ ಜಾಝ್ ಗಾಯಕ ಚೆಟ್ ಬೇಕರ್ ನೆರಳು ಇದೆ ಅಂತ ಬಹಳ ಜನ ಹೇಳುತ್ತಾರೆ. ಬ್ರೆಜಿಲ್‌ನವರೇ ಈ ಬಗ್ಗೆ ಆಗಲೇ ಜಗಳ ಆಡಿಕೊಂಡಿದ್ದರು. ಟಿನ್ಯೊರಾವ್ ಎಂಬ ವಿಮರ್ಶಕರು ಇದೆಲ್ಲ ಅಮೆರಿಕದ ಸರಕು ಅಂತ ಕೊನೆಯವರೆಗೂ ಬೈದರು. ಬೊಸ್ಸಾ ನೋವಾ ಗುಂಪಿನವರೇ ಆದ ಕಾರ್ಲೊಸ್ ಲಿರಾ, ಸಾಂಬಾದ ಮೇಲೆ ಜಾಝ್ ಪ್ರಭಾವವಾಯಿತು ಅಂತ ಗೇಲಿ ಮಾಡುವ ಹಾಡನ್ನೇ ಕಟ್ಟಿದರು. ಅಂದರೆ ಜಾಝ್ ಬಂದಿದ್ದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ನನ್ನ ತಕರಾರು ಬೇರೆ. ಸಾಂಬಾ ಅನ್ನೋದು ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ರಿಯೊದಲ್ಲಿ ಕಟ್ಟಿದ್ದು, ಜಾಝ್ ಕೂಡ ಅಂಥವರದ್ದೇ. ಎರಡೂ ಕಡೆಯಿಂದ ಕೊಡುಕೊಳ್ಳುವಿಕೆ ಆಗಿದೆ. ಹಾಗಿರುವಾಗ ಒಬ್ಬರನ್ನು ದಾನಿ, ಇನ್ನೊಬ್ಬರನ್ನು ಕೈಚಾಚಿದವರು ಅಂತ ಬರೆಯೋದು ಸರಿಯಲ್ಲ.

ಈಗ ಗೆಟ್ಜ್ ವಿಷಯಕ್ಕೆ ಬರೋಣ. 1961ರಲ್ಲಿ ಗಿಟಾರ್ ವಾದಕ ಚಾರ್ಲಿ ಬರ್ಡ್ ಅಮೆರಿಕ ಸರ್ಕಾರದ ಕಡೆಯಿಂದ ದಕ್ಷಿಣ ಅಮೆರಿಕ ಪ್ರವಾಸಕ್ಕೆ ಹೋಗಿ, ಬ್ರೆಜಿಲ್‌ನಲ್ಲಿ ಈ ಸಂಗೀತ ಕೇಳಿ ಬಂದರು. 1962ರ ಫೆಬ್ರವರಿಯಲ್ಲಿ ಅವರು ಗೆಟ್ಜ್ ಜತೆ ಸೇರಿ ವಾಷಿಂಗ್ಟನ್‌ನ ಒಂದು ಚರ್ಚಿನಲ್ಲಿ 'ಜಾಝ್ ಸಾಂಬಾ' ರೆಕಾರ್ಡ್ ಮಾಡಿದರು. ಅದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆ ಆಲ್ಬಮ್‌ನಲ್ಲಿ ಹಾಡುವ ದನಿಯೇ ಇಲ್ಲ, ಬರೀ ವಾದ್ಯ. ಅಮೆರಿಕದ ಬಹುತೇಕ ಜನ ಬೊಸ್ಸಾ ನೋವಾ ಕೇಳಿದ್ದು ಹೀಗೆ, ದನಿ ತೆಗೆದ ಮೇಲೆ.

ಮುಂದಿನ ವರ್ಷ, 1963ರ ಮಾರ್ಚಿನಲ್ಲಿ, ನ್ಯೂಯಾರ್ಕಿನಲ್ಲಿ ಗೆಟ್ಜ್, ಜುವಾವ್, ಜೋಬಿಂ ಒಟ್ಟಿಗೆ ಸೇರಿ 'ಗೆಟ್ಜ್/ಜಿಲ್ಬರ್ಟೊ' ಆಲ್ಬಮ್ ರೆಕಾರ್ಡ್ ಮಾಡಿದರು. ಜುವಾವ್ ಹೆಂಡತಿ ಆಸ್ಟ್ರುಡ್ ಜತೆಗೆ ಬಂದಿದ್ದರು. ಅದರಲ್ಲಿರುವ ಇಪಾನೆಮಾ ಹುಡುಗಿಯ ಹಾಡು (ಇಪಾನೆಮಾ ಅಂದರೆ ರಿಯೊದ ಒಂದು ಬೀಚ್) ಎಲ್ಲರಿಗೂ ಗೊತ್ತು, ಹೋಟೆಲ್ ಲಾಬಿಗಳಲ್ಲಿ, ಮಾಲ್‌ಗಳಲ್ಲಿ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಆಲ್ಬಮ್‌ನಲ್ಲಿ ಮೊದಲು ಜುವಾವ್ ಪೋರ್ಚುಗೀಸಿನಲ್ಲಿ ಹಾಡುತ್ತಾರೆ, ಆಮೇಲೆ ಆಸ್ಟ್ರುಡ್ ಇಂಗ್ಲಿಷಿನಲ್ಲಿ, ಆಮೇಲೆ ಗೆಟ್ಜ್ ಅವರ ಸ್ಯಾಕ್ಸೊಫೋನ್. ರೇಡಿಯೊಗೆ ಅಂತ ಹಾಡನ್ನು ಗಿಡ್ಡ ಮಾಡಿದಾಗ ತೆಗೆದಿದ್ದು ಏನನ್ನು ಗೊತ್ತಾ? ಜುವಾವ್ ಹಾಡಿದ್ದನ್ನು! ಯಾರ ಗಾಯನದಿಂದ ಇದೆಲ್ಲ ಶುರುವಾಯಿತೋ ಅವರ ದನಿಯೇ ಇಲ್ಲದ ಹಾಡು ಜಗತ್ತೆಲ್ಲ ಸುತ್ತಿತು. ಆಸ್ಟ್ರುಡ್ ದನಿ ಉಳಿಯಿತು, ಆದರೆ ಆಲ್ಬಮ್‌ನ ಮುಖಪುಟದಲ್ಲಿ ಅವರ ಹೆಸರಿಲ್ಲ. ಆ ರೆಕಾರ್ಡಿಂಗ್‌ಗೆ ಅವರಿಗೆ ಸಿಕ್ಕಿದ್ದು 120 ಡಾಲರ್ ಅಂತ ಹೇಳುತ್ತಾರೆ. 1965ರಲ್ಲಿ ಆ ಆಲ್ಬಮ್‌ಗೆ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಬಂತು. ಮತ್ತೊಂದು ಜಾಝ್ ಆಲ್ಬಮ್‌ಗೆ ಆ ಪ್ರಶಸ್ತಿ ಬಂದಿದ್ದು 43 ವರ್ಷ ಕಳೆದು 2008ರಲ್ಲಿ, ಹರ್ಬಿ ಹ್ಯಾನ್‌ಕಾಕ್ ಅವರಿಗೆ. ಅದರಲ್ಲೂ ಒಂದು ಹಾಡು ಹಾಡಿದವರು ಸಾವ್ ಪಾವ್ಲೊದ ಲುಸಿಯಾನಾ ಸೋಜಾ. ಎರಡರಲ್ಲೂ ಬ್ರೆಜಿಲ್‌ನ ಹೆಣ್ಣು ದನಿ ಇದೆ. ಇದನ್ನು ಎಷ್ಟು ಜನ ಗಮನಿಸಿದ್ದಾರೋ ಗೊತ್ತಿಲ್ಲ.

ನಿಮ್ಮ ಬರಹ ಇಪಾನೆಮಾ ಹತ್ತಿರವೇ ನಿಂತುಬಿಟ್ಟಿತು, ಅದು ಇನ್ನೂ ಬೇಜಾರು. ನನ್ನ ಪ್ರಕಾರ ಅತಿ ದೊಡ್ಡ ದನಿ ಬಂದಿದ್ದು ಆಮೇಲೆ. ಮಿಲ್ಟನ್ ನಾಸಿಮೆಂಟೊ. 1942ರಲ್ಲಿ ರಿಯೊದಲ್ಲಿ ಹುಟ್ಟಿ, ಮಿನಾಸ್ ಜೆರಾಯಿಸ್‌ನ ತ್ರೆಸ್ ಪೊಂಟಾಸ್ ಎಂಬ ಸಣ್ಣ ಊರಲ್ಲಿ ಬೆಳೆದವರು. ಕಡಲಿನಿಂದ ದೂರದ ಬೆಟ್ಟದ ಸೀಮೆ ಅದು. ಅವರ ಹಾಡಿನಲ್ಲಿ ಬೀಚ್ ಇಲ್ಲ. ಹಳೇ ಚರ್ಚುಗಳ ಗುಂಪುಗಾಯನ ಇದೆ, ಬೀಟಲ್ಸ್ ಇದ್ದಾರೆ, ಜಾಝ್ ಇದೆ. ದಪ್ಪ ಗಂಡು ದನಿಯಿಂದ ಹೊರಟು ಕಳ್ಳದನಿಗೆ (ಫಾಲ್ಸೆಟೊ) ಏರುವಾಗ ಎಲ್ಲಿ ದಾಟಿದರು ಅಂತ ಗೊತ್ತೇ ಆಗೋದಿಲ್ಲ.

1964ರಿಂದ 1985ರವರೆಗೆ ಬ್ರೆಜಿಲ್‌ನಲ್ಲಿ ಮಿಲಿಟರಿ ಆಡಳಿತ. ಹಾಡಿನ ಸಾಹಿತ್ಯ ಮೊದಲು ಸೆನ್ಸಾರ್ ಮುಂದೆ ಹೋಗಬೇಕು. ಗಾಯಕರಾದ ಕೇಟಾನೊ ವೆಲೊಸೊ, ಜಿಲ್ಬರ್ಟೊ ಜಿಲ್ ಇಬ್ಬರನ್ನೂ 1968ರ ಕೊನೆಗೆ ಬಂಧಿಸಿದರು, ಮುಂದಿನ ವರ್ಷ ಅವರು ದೇಶ ಬಿಟ್ಟು ಲಂಡನ್ ಸೇರಬೇಕಾಯಿತು. 1973ರಲ್ಲಿ ಮಿಲ್ಟನ್ 'ಮಿಲಾಗ್ರಿ ದೊಸ್ ಪೇಶಿಸ್' ಆಲ್ಬಮ್ ಮಾಡುವಾಗ ಸೆನ್ಸಾರ್‌ನವರು ಕೆಲವು ಹಾಡುಗಳ ಸಾಹಿತ್ಯವನ್ನೇ ಹೊಡೆದು ಹಾಕಿದರು. ಬೇರೆಯವರಾಗಿದ್ದರೆ ಹೊಸ ಸಾಲು ಬರೆಸುತ್ತಿದ್ದರು, ಇಲ್ಲಾ ಕೈಬಿಡುತ್ತಿದ್ದರು. ಮಿಲ್ಟನ್ ಮಾತೇ ಇಲ್ಲದೆ ಹಾಡಿದರು. ಆ, ಓ, ಕೂಗು, ನರಳಾಟ, ಏದುಸಿರು. ಹಿಂದೆ ನಾನಾ ವಾಸ್ಕೊನ್ಸೆಲೊಸ್ ಅವರ ತಾಳವಾದ್ಯ. ಸೆನ್ಸಾರ್‌ನವರು ಏನನ್ನು ಕತ್ತರಿಸಬೇಕು ಹೇಳಿ? ಅಕ್ಷರ ಇದ್ದರಲ್ಲವೇ ಕತ್ತರಿಸೋದು. ಜಾಝ್‌ನಲ್ಲೂ ಅರ್ಥವಿಲ್ಲದ ಅಕ್ಷರ ಹಿಡಿದು ಹಾಡುವ ಸ್ಕ್ಯಾಟ್ ಇದೆ. ಆದರೆ ಅದು ಬಹುಮಟ್ಟಿಗೆ ಆಟ, ವಾದ್ಯದ ಜತೆ ಪೈಪೋಟಿ. ಇದು ಆಟವಲ್ಲ. ಕೇಳುವವರಿಗೆ ಬಾಯಿ ಕಟ್ಟಿದ್ದಾರೆ ಅಂತ ನೇರವಾಗಿ ಗೊತ್ತಾಗುತ್ತದೆ.

ಅಮೆರಿಕದ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜತೆ ನುಡಿಸಿ ಹೆಸರಾಗಿದ್ದ ಸ್ಯಾಕ್ಸೊಫೋನ್ ವಾದಕ ವೇನ್ ಶಾರ್ಟರ್ ಮಿಲ್ಟನ್‌ರನ್ನು ಕರೆಸಿಕೊಂಡರು. 1975ರಲ್ಲಿ ಬಂದ 'ನೇಟಿವ್ ಡಾನ್ಸರ್' ಆಲ್ಬಮ್‌ನ ಮೊದಲ ಹಾಡು ನಿಂತುಹೋದ ಒಂದು ರೈಲು ಮಾರ್ಗದ ಬಗ್ಗೆ. ಬಾಹಿಯಾದಿಂದ ಮಿನಾಸ್‌ಗೆ ಹೋಗುತ್ತಿದ್ದ ಆ ರೈಲನ್ನು ನಿಲ್ಲಿಸಿದ ಮೇಲೆ ದಾರಿಯ ಊರುಗಳು ಪಾಳುಬಿದ್ದಿದ್ದವು. ಮಿಲ್ಟನ್ ಆ ರಾಗವನ್ನು ಎತ್ತರದ ಕಳ್ಳದನಿಯಲ್ಲಿ ಶುರು ಮಾಡುತ್ತಾರೆ, ಶಾರ್ಟರ್ ಅವರ ಸೊಪ್ರಾನೊ ಸ್ಯಾಕ್ಸೊಫೋನ್ ಮೆಲ್ಲಗೆ ಬಂದು ಅದೇ ದನಿಯ ಪಕ್ಕ ಕೂರುತ್ತದೆ. ಇಲ್ಲಿ ಜಾಝ್‌ನವರು ಹಾಡುವವರನ್ನು ಮುಂದೆ ಬಿಟ್ಟು ತಾವು ಹಿಂದೆ ಬಂದರು. ಅದಕ್ಕೇ ನನಗೆ ಇದು 1963ರ ಆಲ್ಬಮ್‌ಗಿಂತ ಮೇಲು ಅನಿಸೋದು. ಯಾರಾದರೂ ಒಪ್ಪದಿದ್ದರೆ ಪತ್ರ ಬರೆಯಲಿ.

ಬ್ರೆಜಿಲ್‌ನ ಇನ್ನೊಬ್ಬ ಸಂಗೀತಗಾರ ಎರ್ಮೆಟೊ ಪಸ್ಕೋವಾಲ್ ಬಗ್ಗೆ ಬರೆಯೋಕೆ ಹೋದರೆ ಪುಟವೆಲ್ಲ ಬೇಕು. ಅವರು ಮಾತಾಡೋದೂ ಹಾಡೇ ಅಂತ ನಂಬಿದವರು. 1984ರಲ್ಲಿ ರೇಡಿಯೊದ ಫುಟ್‌ಬಾಲ್ ಕಾಮೆಂಟರಿಯ ಒಂದು ತುಣುಕು ತೆಗೆದುಕೊಂಡು, ಕಾಮೆಂಟೇಟರ್ ದನಿ ಎಲ್ಲೆಲ್ಲಿ ಏರುತ್ತದೆ ಇಳಿಯುತ್ತದೆ ಅಂತ ನೋಡಿ, ಪ್ರತಿ ಅಕ್ಷರಕ್ಕೂ ಸ್ವರ ಕೂರಿಸಿದರು. ನಮ್ಮ ಕ್ರಿಕೆಟ್ ಕಾಮೆಂಟರಿಗೆ ಯಾರಾದರೂ ಹೀಗೆ ಮಾಡಬಾರದೇ! 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಇದೆಲ್ಲ ಎಲ್ಲೋ ದೂರದ್ದು, ನಮಗೇನು ಅನ್ನುವವರಿಗೆ ಒಂದು ಮಾತು. 1991ರ 'ಪ್ಲಾನೆಟ್ ಡ್ರಮ್' ಆಲ್ಬಮ್‌ನಲ್ಲಿ ಬ್ರೆಜಿಲ್‌ನ ತಾಳವಾದ್ಯಗಾರ ಐರ್ಟೊ ಮೊರೇರಾ ಮತ್ತು ಅವರ ಹೆಂಡತಿ, ಗಾಯಕಿ ಫ್ಲೋರಾ ಪುರಿಂ ಇದ್ದರು. ಅದರಲ್ಲೇ ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ. ವಿಶ್ವ ಸಂಗೀತಕ್ಕೆ ಅಂತ ಗ್ರ್ಯಾಮಿ ಶುರುವಾದಾಗ ಮೊದಲನೆಯದು ಬಂದಿದ್ದು ಇದಕ್ಕೇ. ಇನ್ನು ಜಾಝ್ ಜತೆ ನಮ್ಮ ಗಾಯನ ಸೇರಿದ್ದು ನೋಡಬೇಕಾದರೆ ಬೆಂಗಳೂರಿಗೇ ಬರಬೇಕು. ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ಮಾಡಿತು, ಜರ್ಮನಿಯ ಇಸಿಎಂ ಕಂಪನಿ ಹೊರತಂದಿತು. ಅದರಲ್ಲಿ ಹಾಡಿದವರು ಆರ್.ಎ. ರಮಾಮಣಿ. ನಮ್ಮೂರಿನ ಎಷ್ಟು ಸಂಗೀತಪ್ರಿಯರಿಗೆ ಇದು ಗೊತ್ತು? ಇಲ್ಲೂ ಅದೇ ಕಥೆ ಅಲ್ವಾ.

ಕೊನೆಯದಾಗಿ ಇತ್ತೀಚಿನ ಸಂಗತಿ. 2024ರಲ್ಲಿ ಅಮೆರಿಕದ ಗಾಯಕಿ, ಬೇಸ್ ವಾದಕಿ ಎಸ್ಪೆರಾನ್ಜಾ ಸ್ಪಾಲ್ಡಿಂಗ್ ಮಿಲ್ಟನ್ ಜತೆ ಒಂದು ಆಲ್ಬಮ್ ತಂದರು. ಜಾಝ್ ಗಾಯನದ ವಿಭಾಗದಲ್ಲಿ ಅದು ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು. 2025ರ ಫೆಬ್ರವರಿಯ ಸಮಾರಂಭಕ್ಕೆ ಹೋದ 82 ವರ್ಷದ ಮಿಲ್ಟನ್‌ಗೆ ಕಲಾವಿದರು ಕೂರುವ ಕೆಳಗಿನ ಜಾಗದಲ್ಲಿ ಕುರ್ಚಿ ಸಿಗಲಿಲ್ಲ, ಮೇಲಿನ ಗ್ಯಾಲರಿ ತೋರಿಸಿದರು. ಅವರು ಒಳಗೆ ಹೋಗಲಿಲ್ಲ. ಎಸ್ಪೆರಾನ್ಜಾ, ಮಿಲ್ಟನ್ ಅವರ ಮುಖದ ಚಿತ್ರವನ್ನು ಪ್ರಿಂಟ್ ಹಾಕಿಸಿ ಕೈಯಲ್ಲಿ ಹಿಡಿದುಕೊಂಡು ತಮ್ಮ ಟೇಬಲ್ಲಿನಲ್ಲಿ ಕೂತರು.

ಆ ಫೋಟೊ ಸುದ್ದಿಸಂಸ್ಥೆಗಳ ಹತ್ತಿರ ಇದ್ದೇ ಇರುತ್ತದೆ. ಮುಂದಿನ ಭಾನುವಾರ ಅದನ್ನು ಹಾಕಿ, ಕೆಳಗೆ ಇಬ್ಬರ ಹೆಸರನ್ನೂ ಸರಿಯಾಗಿ ಬರೆಯಿರಿ. ಜುವಾವ್, ಆಸ್ಟ್ರುಡ್ ಬಗ್ಗೆ ನಾಲ್ಕು ಸಾಲಿನ ತಿದ್ದುಪಡಿ ಹಾಕಿದರೂ ಸಾಕು. ಬರೆದುಕೊಡಿ ಅಂದರೆ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಏನೂ ಬೇಡ.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು