ಅವನ ಹೆಸರು ಬಹದ್ದೂರ್ ಅಲ್ಲ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಗೊಣಗಿದ್ದು ಇನ್ನೂ ಕಿವಿಯಲ್ಲಿದೆ. ಗುವಾಹಟಿಯ ಹಾಸ್ಟೆಲಿನಲ್ಲಿ ನಿನ್ನನ್ನು ‘ಮದ್ರಾಸಿ’ ಅನ್ನುತ್ತಾರಂತೆ. ಬೆಂಗಳೂರಿನವಳು ಅಂತ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲವಂತೆ. ನನಗೂ ಸಿಟ್ಟು ಬಂತು. ಅದರ ಬೆನ್ನಿಗೇ “ಈ ಚಿಂಕಿಗಳಿಗೆ ಅರ್ಥವೇ ಆಗಲ್ಲ ಅಮ್ಮ” ಅಂದೆಯಲ್ಲ, ಆಗ ನನ್ನ ಬಾಯಿ ಕಟ್ಟಿಹೋಯಿತು. ಈಶಾನ್ಯದವರ ಕಣ್ಣು, ಮುಖ ನೋಡಿ ಹಂಗಿಸುವ ಆ ಮಾತನ್ನು ನೀನು ಅಲ್ಲಿ ಕಲಿತಿಲ್ಲ. ಉಪ್ಪಿನಕಾಯಿ ಡಬ್ಬಿಯ ಜೊತೆ ನಮ್ಮ ಮನೆಯಿಂದಲೇ ಹೋದದ್ದು.

2012ರಲ್ಲಿ ನೀನು ಒಂದನೇ ಕ್ಲಾಸು. ನಾವಾಗ ಈಜಿಪುರದಲ್ಲಿ ಬಾಡಿಗೆಗಿದ್ದೆವು. ಗೇಟಿನ ಪಕ್ಕದ ಶೀಟಿನ ರೂಮಿನಲ್ಲಿ ವಾಚ್‌ಮನ್ ಇದ್ದ, ಅಸ್ಸಾಮಿನವನು. (‘ಇದ್ದರು’ ಅನ್ನಬೇಕು. ಬಾಯಿಗೆ ಈಗಲೂ ‘ಇದ್ದ’ ಅಂತಲೇ ಬರುತ್ತದೆ, ನೋಡು.) ನಿನ್ನ ಸ್ಕೂಲ್ ಬ್ಯಾಗನ್ನು ಮೂರನೇ ಮಹಡಿಗೆ ಹೊತ್ತು ತರುತ್ತಿದ್ದ. ಬಿಲ್ಡಿಂಗಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ಬಹದ್ದೂರ್’ ಅಂತ. ಕಣ್ಣು ಸಣ್ಣದಿದ್ದರೆ ನೇಪಾಳಿ, ನೇಪಾಳಿಯಾದರೆ ಬಹದ್ದೂರ್. ನಮ್ಮ ಲೆಕ್ಕ ಅಷ್ಟೇ. ಅವನೂ ಒಂದು ದಿನ ಅಲ್ಲ ಅನ್ನಲಿಲ್ಲ. ಸಂಬಳ ಕೊಡುವವರನ್ನು ಯಾರು ತಾನೇ ತಿದ್ದುತ್ತಾರೆ?

ಆ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಅಲ್ಲಿನ ಬುಡಕಟ್ಟಿನವರಾದ ಬೋಡೊ ಜನರಿಗೂ ಬಂಗಾಳಿ ಮಾತಾಡುವ ಮುಸ್ಲಿಮರಿಗೂ ದೊಡ್ಡ ಗಲಭೆಯಾಯಿತು. ಜಮೀನು, ವಲಸೆ, ಅಧಿಕಾರ, ಎಲ್ಲ ಸೇರಿದ ಹಳೇ ಜಗಳ. ಲಕ್ಷಗಟ್ಟಲೆ ಜನ ಮನೆ ಬಿಟ್ಟು ಶಿಬಿರ ಸೇರಿದರು. ಆಗಸ್ಟ್‌ನಲ್ಲಿ ಅದರ ಕಿಡಿ ಮೊಬೈಲಿನೊಳಗೆ ಕೂತು ಬೆಂಗಳೂರಿಗೆ ಬಂತು. ರಂಜಾನ್ ಹೊತ್ತಿಗೆ ಮುಸ್ಲಿಮರು ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಅನ್ನುವ ಗಾಳಿಸುದ್ದಿ. ‘ಅವರು’ ಬರುತ್ತಾರೆ, ‘ನಿಮ್ಮನ್ನು’ ಹುಡುಕುತ್ತಾರೆ.

ಅವರು ಅಂದರೆ ಯಾರು? ನಿಮ್ಮಪ್ಪನ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಭಾಯ್ ಅವರಾ? ನೀವು ಅಂದರೆ ಯಾರು? ಮಣಿಪುರದ ನರ್ಸ್‌ಗೂ ಮಿಜೋರಾಂನ ಹೋಟೆಲ್ ಹುಡುಗನಿಗೂ ಕೊಕ್ರಝಾರಿನ ಜಗಳಕ್ಕೂ ಏನು ಸಂಬಂಧ? ಮೆಸೇಜ್ ಬರೆದವರಿಗೆ ಆ ತಲೆನೋವೇ ಇರಲಿಲ್ಲ. ಎಂಟು ರಾಜ್ಯಗಳ ಜನರನ್ನು ಒಂದೇ ಮುಖ ಮಾಡಿ ನಾವು ಮೊದಲೇ ಇಟ್ಟಿದ್ದೆವಲ್ಲ. ಅವರು ಸುಮ್ನೆ ಅದನ್ನು ಎತ್ತಿಕೊಂಡರು.

ಸ್ವಾತಂತ್ರ್ಯ ದಿನದ ಸಂಜೆ ಟಿವಿ ಹಾಕಿದರೆ ಸಿಟಿ ರೈಲ್ವೆ ಸ್ಟೇಷನ್ ತುಂಬಿ ತುಳುಕುತ್ತಿತ್ತು. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಮಂತ್ರಿಗಳು ಸ್ಟೇಷನ್ನಿಗೇ ಬಂದು ಹೋಗಬೇಡಿ ಅಂದರು. ಆದರೂ ಎರಡು ಮೂರು ದಿನದಲ್ಲಿ ಸಾವಿರಾರು ಜನ ಊರು ಬಿಟ್ಟರು. 17ಕ್ಕೆ ಕೇಂದ್ರ ಸರ್ಕಾರ ಗುಂಪು ಎಸ್‌ಎಂಎಸ್‌ಗೆ 15 ದಿನ ತಡೆ ಹಾಕಿತು. ಮೆಸೇಜ್ ಹೆದರಿಸಿದ್ದ ಆ ದೊಡ್ಡ ದಾಳಿ ನಡೆಯಲೇ ಇಲ್ಲ.

16ರ ಬೆಳಿಗ್ಗೆ ನಮ್ಮ ವಾಚ್‌ಮನ್ ಇರಲಿಲ್ಲ. ಗೇಟಿನ ಕೀ ಮೀಟರ್ ಬೋರ್ಡಿನ ಮೇಲಿತ್ತು. ನಿಮ್ಮಪ್ಪ ಹುಡುಕಿಕೊಂಡು ಮೆಜೆಸ್ಟಿಕ್ಕಿಗೆ ಹೋದರು. ಅಷ್ಟು ಜನರ ನಡುವೆ ಏನಂತ ಕೂಗುವುದು? “ಬಹದ್ದೂರ್” ಅಂತ ಎರಡು ಸಲ ಕೂಗಿದರಂತೆ. ಆಮೇಲೆ ನಾಚಿಕೆಯಾಗಿ ವಾಪಸ್ ಬಂದುಬಿಟ್ಟರು. ಅವನ ಅರ್ಧ ತಿಂಗಳ ಸಂಬಳ ಬಿಲ್ಡಿಂಗಿನಲ್ಲೇ ಉಳಿಯಿತು. ಕಳಿಸುವುದಾದರೂ ಯಾವ ಹೆಸರಿಗೆ?

ನೀನಿರುವ ಊರಿನಲ್ಲೂ ಒಂದು ಮಾತು ಕೇಳಿರುತ್ತೀಯ, ‘ಮಿಯಾ’. ನಮ್ಮ ಶಿವಾಜಿನಗರದಲ್ಲಿ ‘ಕ್ಯಾ ಮಿಯಾ’ ಅಂದರೆ ಸಲಿಗೆ. ಅಲ್ಲಿ ಬಂಗಾಳಿ ಮೂಲದ ಮುಸ್ಲಿಮರನ್ನು ಹೊರಗಿನವರೆಂದು ಹಂಗಿಸಲು ಅದೇ ಮಾತು. 2016ರ ಹೊತ್ತಿಗೆ ಆ ಜನರೇ ಬೈಗುಳವನ್ನು ತಮ್ಮದಾಗಿಸಿಕೊಂಡು ‘ಮಿಯಾ ಕವಿತೆ’ ಬರೆಯತೊಡಗಿದರು. 2019ರಲ್ಲಿ ಆ ಕವಿತೆಗಳಿಗಾಗಿ ಗುವಾಹಟಿಯಲ್ಲಿ ಹತ್ತು ಜನರ ಮೇಲೆ ಕೇಸೂ ಬಿತ್ತು. ಅಸ್ಸಾಮಿಗಳ ಆತಂಕ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಭಾಷೆ, ನಮ್ಮ ನೆಲ ಕೈತಪ್ಪುತ್ತಿದೆ ಅನ್ನುವ ಸಂಕಟ ಕನ್ನಡದವರಿಗೆ ಹೊಸದಲ್ಲ. ಅದನ್ನು ಎಷ್ಟು ಬೇಕಾದರೂ ಜಗಳ ಮಾಡಿ ಕೇಳಲಿ. ಆದರೆ ಮೂರು ತಲೆಮಾರಿನಿಂದ ಅಲ್ಲೇ ಗದ್ದೆ ಉಳುತ್ತಿರುವವನನ್ನೂ ನಿನ್ನೆ ಗಡಿ ದಾಟಿದವನನ್ನೂ ಒಂದೇ ಮಾತಿನಲ್ಲಿ ಸುತ್ತಿಬಿಟ್ಟರೆ, ಜಗಳ ಯಾರ ಜೊತೆ ಅನ್ನುವುದೇ ಮರೆತುಹೋಗುತ್ತದೆ.

ಇರಲಿ, ಭಾಷಣ ಜಾಸ್ತಿಯಾಯಿತು. ನಾಳೆ ಪಾರ್ಸಲ್ ಹಾಕುತ್ತಿದ್ದೇನೆ. ನಿನಗೆ ಕೋಡುಬಳೆ, ನಿನ್ನ ರೂಮ್‌ಮೇಟ್‌ಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. ಅವತ್ತು ಅವಳ ಹೆಸರು ಹೇಳಿದೆ, ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಡಬ್ಬಿಯ ಮೇಲೆ ಬರೆಯಬೇಕು. ಒಂದೊಂದೇ ಅಕ್ಷರ ಬಿಡಿಸಿ ಮೆಸೇಜ್ ಮಾಡು.

ನಿನ್ನ
ಅಮ್ಮ