ಅಗ್ರಹಾರದಿಂದ ಕುವೆಂಪುನಗರದವರೆಗೆ ನಮ್ಮನ್ನು ಹುಡುಕಿಕೊಂಡು ಬಂದವರಿಗೆ

ಇವತ್ತು ಬೆಳಿಗ್ಗೆ ರಾಮಕೃಷ್ಣನಗರದಿಂದ ಒಬ್ಬರು ಅಜ್ಜಿ ಆಟೋದಲ್ಲಿ ಗ್ರೈಂಡರ್ ಇಟ್ಟುಕೊಂಡು ಬಂದರು. ಬೆಲ್ಟ್ ಹರಿದಿತ್ತು. ‘ನಮ್ಮ ಅಂಗಡಿ ಹೇಗೆ ಗೊತ್ತಾಯ್ತು ಅಮ್ಮ?’ ಅಂತ ಅಪ್ಪ ಕೇಳಿದರು. ‘ಮೊಮ್ಮಗಳು ಮೊಬೈಲ್‌ನಲ್ಲಿ ನೋಡಿ ಹೇಳಿದಳಪ್ಪ’ ಅಂದರು. ಅಪ್ಪ ಒಂದು ಸಲ ನನ್ನ ಕಡೆ ನೋಡಿ, ಸ್ಕ್ರೂಡ್ರೈವರ್ ಎತ್ತಿಕೊಂಡರು.

ನಮ್ಮ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಮೈಸೂರಿನ ಅಗ್ರಹಾರದಿಂದ ಕುವೆಂಪುನಗರಕ್ಕೆ ಬಂದು ಇವತ್ತಿಗೆ ಒಂದು ವರ್ಷ. ಮೊದಲ ಐದು ತಿಂಗಳು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ದಿನಗಳಲ್ಲಿ ಕೈ ಹಿಡಿದವರಿಗೆ ಧನ್ಯವಾದ ಹೇಳದೆ ಎರಡನೇ ವರ್ಷ ಶುರು ಮಾಡಲು ಮನಸ್ಸು ಬರಲಿಲ್ಲ.

ಹಳೇ ಕಟ್ಟಡ ಕೆಡವುತ್ತಾರೆ ಅಂತಾದಾಗ ಬೋರ್ಡು, ವೈಂಡಿಂಗ್ ಸಾಮಾನು, ಬಿಡಿಭಾಗಗಳ ಡಬ್ಬಗಳನ್ನೆಲ್ಲ ಗಾಡಿಗೆ ಹಾಕಿಕೊಂಡು ಎರಡು-ಮೂರು ಕಿಲೋಮೀಟರ್ ಆಚೆ ಬಂದೆವು. ಮೊಬೈಲ್‌ನೊಳಗಿನ ಅಂಗಡಿಯನ್ನು ತರುವ ಕೆಲಸ ನನ್ನದಾಗಿತ್ತು. ಅಲ್ಲಿ ನಾನು ತಪ್ಪು ಮಾಡಿದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ನಂಬರ್ ಇರುವ ಪುಟಕ್ಕೆ ಲಿಸ್ಟಿಂಗ್ ಅನ್ನುತ್ತಾರೆ. ನಮ್ಮ ಹಳೇ ಲಿಸ್ಟಿಂಗ್‌ನಲ್ಲೇ ವಿಳಾಸ ಬದಲಿಸಬೇಕಿತ್ತು. ನಾನು ಹೊಸದೊಂದು ತೆರೆದೆ. ವರ್ಷಗಟ್ಟಲೆ ಜನ ಬರೆದ ರಿವ್ಯೂಗಳೆಲ್ಲ ಹಳೇ ವಿಳಾಸದ ಜೊತೆ ಉಳಿದವು. ಹೊಸ ವಿಳಾಸದ ಕೆಳಗೆ ಒಂದು ರಿವ್ಯೂ ಕೂಡ ಇಲ್ಲ. ಜಸ್ಟ್‌ಡಯಲ್‌ನಂಥ ಕಡೆ ನಾವು ಯಾವತ್ತೋ ಬಿಟ್ಟ ಲ್ಯಾಂಡ್‌ಲೈನ್ ನಂಬರ್ ಹಾಗೇ ಇತ್ತು. ಅದನ್ನೂ ನಾನು ತಿದ್ದಿರಲಿಲ್ಲ.

ವೆಬ್‌ಸೈಟ್ ಅಂತೂ ಇರಲೇ ಇಲ್ಲ. ಹಿಂದೆ ಗೂಗಲ್ ಲಿಸ್ಟಿಂಗ್ ಜೊತೆಗೆ ಉಚಿತವಾಗಿ ಒಂದು ಪುಟದ ಸೈಟ್ ಸಿಗುತ್ತಿತ್ತು. ನಮ್ಮದೂ ಅದೇ. 2024ರ ಮಾರ್ಚ್‌ನಲ್ಲಿ ಆ ಸೌಲಭ್ಯ ನಿಂತಿತು. ಬೇರೆ ಸೈಟ್ ಮಾಡಿಸಲು ಟೈಮ್ ಇತ್ತು. ಮ್ಯಾಪ್ ಇದೆಯಲ್ಲ, ಸೈಟ್ ಯಾಕೆ ಅಂತ ಸುಮ್ನೆ ಇದ್ದೆ.

ದಿನಕ್ಕೆ ಎಂಟು-ಹತ್ತು ಫೋನ್ ಬರುತ್ತಿದ್ದ ಕಡೆ ಒಂದೋ ಎರಡೋ ಬರತೊಡಗಿತು. ಗಾಬರಿಯಾಗಿ, ‘ಒಂದೇ ತಿಂಗಳಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ’ ಅಂದವರೊಬ್ಬರಿಗೆ ದುಡ್ಡು ಕೊಟ್ಟೆ. ಅವರು ಅಂಗಡಿಯ ಹೆಸರಿನ ಪಕ್ಕ ‘ಬೆಸ್ಟ್ ಮಿಕ್ಸಿ ಗ್ರೈಂಡರ್ ರಿಪೇರಿ ಮೈಸೂರು’ ಅಂತ ಸೇರಿಸಿದರು. ಬೋರ್ಡಿನ ಮೇಲೆ ಇಲ್ಲದ ಇಂಥ ಪದಗಳನ್ನು ಹೆಸರಿಗೆ ಸೇರಿಸುವುದು ನಿಯಮಕ್ಕೆ ವಿರುದ್ಧ ಅಂತ ನನಗೆ ಆಗ ಗೊತ್ತಿರಲಿಲ್ಲ. ಮೂರು ವಾರದಲ್ಲಿ ಲಿಸ್ಟಿಂಗ್ ಸಸ್ಪೆಂಡ್ ಆಯಿತು. ಅಂಗಡಿ ಬಾಗಿಲು ತೆರೆದೇ ಇತ್ತು. ಅಪ್ಪ ಸ್ಟೂಲಿನ ಮೇಲೆ ಕೂತೇ ಇದ್ದರು. ಆದರೆ ಹುಡುಕುವವರ ಪಾಲಿಗೆ ನಾವು ಇರಲಿಲ್ಲ.

ಮೊದಲ ಧನ್ಯವಾದ ಅಗ್ರಹಾರದಲ್ಲಿ ನಮ್ಮ ಪಕ್ಕದಲ್ಲಿದ್ದ ದಿನಸಿ ಅಂಗಡಿಯ ಅಣ್ಣನಿಗೆ. ನಮ್ಮ ಹೊಸ ನಂಬರಿನ ಚೀಟಿಯನ್ನು ಅವರು ತಕ್ಕಡಿ ಪಕ್ಕದಲ್ಲೇ ಅಂಟಿಸಿಕೊಂಡಿದ್ದರು. ಹಳೇ ವಿಳಾಸ ನೋಡಿ ಹೋದವರಿಗೆ ದಾರಿ ಹೇಳಿ ಕಳಿಸಿದರು. ಒಂದು ದಿನ ಒಬ್ಬರ ಮಿಕ್ಸಿಯನ್ನು ತಾವೇ ಸ್ಕೂಟರ್‌ನಲ್ಲಿ ತಂದುಕೊಟ್ಟರು. ಅಣ್ಣಾ, ಆ ಐದು ತಿಂಗಳು ನೀವೇ ನಮ್ಮ ಮ್ಯಾಪ್.

ಎರಡನೆಯದು ಒಬ್ಬ ಹುಡುಗನಿಗೆ. ನಮ್ಮ ಹಳೇ ಗಿರಾಕಿಯೊಬ್ಬರ ಮಗ. ಬೆಂಗಳೂರಿನಲ್ಲಿ ಇದೇ ಹುಡುಕಾಟಕ್ಕೆ ಸಂಬಂಧಪಟ್ಟ ಕೆಲಸ ಮಾಡುತ್ತಾನೆ. ಅಮ್ಮನ ಮಿಕ್ಸಿ ತರಲು ಬಂದವನು ನಮ್ಮ ಕಥೆ ಕೇಳಿ, ಮಾರನೇ ದಿನ ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಜೊತೆ ಕೂತ. ‘ಅಕ್ಕ, ನೀವು ಮ್ಯಾಪ್ ಬೇರೆ, ವೆಬ್‌ಸೈಟ್ ಬೇರೆ ಅಂದುಕೊಂಡಿದ್ದೀರಿ’ ಅಂದ. ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ನನ್ನ ಥರ ಚಿಕ್ಕ ಅಂಗಡಿ ಇಟ್ಟುಕೊಂಡವರು ಜಾಸ್ತಿ ಜನ ಇದ್ದೀರಿ, ನಿಮಗೂ ಬೇಕಾಗಬಹುದು.

ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮುಖ್ಯವಾಗಿ ಮೂರು ನೋಡುತ್ತದೆ. ಜನ ಕೇಳಿದ್ದಕ್ಕೆ ಅಂಗಡಿ ಹೊಂದುತ್ತದಾ, ಎಷ್ಟು ದೂರ ಇದೆ, ಅದಕ್ಕೆ ಎಷ್ಟು ಹೆಸರಿದೆ. ದೂರ ನಮ್ಮ ಕೈಯಲ್ಲಿಲ್ಲ. ನಂಜುಮಳಿಗೆಯಲ್ಲಿ ನಿಂತು ಹುಡುಕುವವರಿಗೆ ನಾವೀಗ ದೂರವೇ. ಆದರೆ ‘ಹೆಸರು’ ಅಂದರೆ ರಿವ್ಯೂ ಮಾತ್ರ ಅಲ್ಲ. ಬೇರೆ ಸೈಟ್‌ಗಳಲ್ಲಿ ನಮ್ಮ ಬಗ್ಗೆ ಏನಿದೆ, ಯಾರು ನಮಗೆ ಲಿಂಕ್ ಕೊಟ್ಟಿದ್ದಾರೆ, ಮ್ಯಾಪ್ ಕೆಳಗೆ ಬರುವ ಮಾಮೂಲಿ ಪಟ್ಟಿಯಲ್ಲಿ ನಮ್ಮ ಸೈಟ್ ಎಲ್ಲಿದೆ, ಇವೂ ಅದರಲ್ಲಿ ಸೇರುತ್ತವೆ. 2014ರ ಜುಲೈನಲ್ಲಿ ಗೂಗಲ್ ತಂದ ಒಂದು ಬದಲಾವಣೆಗೆ ಈ ಕೆಲಸದವರು ‘ಪಿಜನ್’ ಅನ್ನುತ್ತಾರೆ. ಯಾರನ್ನು ಮೇಲೆ ತೋರಿಸಬೇಕು ಅನ್ನುವ ಮ್ಯಾಪ್‌ನ ಲೆಕ್ಕ ಮಾಮೂಲಿ ಹುಡುಕಾಟದ ಲೆಕ್ಕಕ್ಕೆ ಇನ್ನಷ್ಟು ಹತ್ತಿರ ಬಂದದ್ದು ಆಗಲೇ. ಮುಂದಿನ ವರ್ಷ ಆಗಸ್ಟ್‌ನಲ್ಲಿ, ಹುಡುಕಿದಾಗ ಮೊದಲು ಕಾಣುವ ಅಂಗಡಿಗಳ ಪಟ್ಟಿ 7ರಿಂದ 3ಕ್ಕೆ ಇಳಿಯಿತು. ಆ ಮೂರರಲ್ಲಿ ಇಲ್ಲದವರ ಪಾಡು ಏನಾಗಿರಬೇಡ!

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಅಪ್ಪ, ‘ಗ್ರೈಂಡರ್ ಥರಾನೇ ಅಲ್ವಾ? ತಳದ ಕಲ್ಲು ಸವೆದಿದ್ದರೆ ಮೇಲಿನ ಕಲ್ಲು ಎಷ್ಟು ತಿರುಗಿದರೂ ಅಕ್ಕಿ ನುಣ್ಣಗಾಗಲ್ಲ’ ಅಂದರು. ‘ಅದೇ ಅಂಕಲ್, ಅದೇ. ತಳದ ಕಲ್ಲು ವೆಬ್‌ಸೈಟ್, ಮೇಲಿನದು ಮ್ಯಾಪ್’ ಅಂದ ಹುಡುಗ.

ಮೊದಲು ಹೆಸರನ್ನು ಬೋರ್ಡಿನಲ್ಲಿ ಇರುವ ಹಾಗೇ ಮಾಡಿದೆವು. ಸಸ್ಪೆಂಡ್ ಮಾಡಿದ್ದನ್ನು ತೆಗೆಯಿರಿ ಅಂತ ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ ಇಟ್ಟು ಗೂಗಲ್‌ಗೆ ಮನವಿ ಕಳಿಸಿದೆವು. ಹಳೇ ಲಿಸ್ಟಿಂಗ್‌ಗೆ ಹೊಸ ವಿಳಾಸ ಹಾಕಿದಾಗ ಖಾತ್ರಿಗೆ ವಿಡಿಯೋ ಕೇಳಿತು. ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ರಸ್ತೆ, ಬೋರ್ಡು, ಒಳಗಿನ ಸಾಮಾನು ತೋರಿಸಬೇಕು. ಅಂಗಡಿ ನಮ್ಮದೇ ಅನ್ನುವುದೂ ಕಾಣಬೇಕು. ಅಪ್ಪ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದು, ಬೀಗ ತೆಗೆದು, ಶಟರ್ ಎತ್ತಿದರು. ನನ್ನ ಕೈ ನಡುಗುತ್ತಿತ್ತು. ಇಷ್ಟು ವರ್ಷ ದಿನಾ ಮಾಡಿದ ಕೆಲಸವನ್ನು ಅವರು ಅವತ್ತು ಯಾರಿಗೋ ಸಾಬೀತು ಮಾಡಬೇಕಾಗಿ ಬಂತು. ಆಮೇಲೆ ಎರಡೂ ಲಿಸ್ಟಿಂಗ್ ಒಂದಾಗಿ, ಹಳೇ ರಿವ್ಯೂಗಳು ಹೊಸ ವಿಳಾಸದ ಕೆಳಗೆ ಕಾಣಿಸಿದ ರಾತ್ರಿ ಅಪ್ಪ ಅವುಗಳನ್ನು ಒಂದೊಂದಾಗಿ ಓದಿಸಿಕೊಂಡರು.

ಸ್ವಂತ ವೆಬ್‌ಸೈಟ್ ಮಾಡಿದೆವು. ಅಪ್ಪ ಹೇಳಿದರು, ನಾನು ಬರೆದೆ. ಜಾರ್ ಕೆಳಗಿಂದ ಯಾಕೆ ಸೋರುತ್ತದೆ, ಕಪ್ಲರ್ ಸವೆದರೆ ಸದ್ದು ಹೇಗಿರುತ್ತದೆ, ಕಾರ್ಬನ್ ಬ್ರಷ್ ಯಾವಾಗ ಬದಲಿಸಬೇಕು, ಗ್ರೈಂಡರ್ ಬೆಲ್ಟ್ ಯಾಕೆ ಜಾರುತ್ತದೆ. ಒಂದೊಂದಕ್ಕೆ ಒಂದೊಂದು ಪುಟ. ನಿಧಾನವಾಗಿ ಆ ಪುಟಗಳು ಮಾಮೂಲಿ ಹುಡುಕಾಟದಲ್ಲಿ ಮೇಲೆ ಬಂದವು. ಒಂದು ದಿನ ಮ್ಯಾಪ್‌ನಲ್ಲಿ ನಮ್ಮ ಹೆಸರಿನ ಕೆಳಗೇ, ನಮ್ಮ ವೆಬ್‌ಸೈಟ್‌ನಲ್ಲಿ ಗ್ರೈಂಡರ್ ಬೆಲ್ಟ್ ಬಗ್ಗೆ ಇದೆ ಅನ್ನುವ ಸಾಲು ಕಾಣಿಸಿತು. ಸೈಟ್‌ನಲ್ಲಿ ಬರೆದದ್ದು ಮ್ಯಾಪ್‌ನಲ್ಲಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದು ಆವತ್ತೇ.

ತಿರುಗಿ ಮ್ಯಾಪ್‌ನಿಂದ ಸೈಟ್‌ಗೆ ಸಿಕ್ಕಿದ ಸಹಾಯ ಬೇರೆ ಥರದ್ದು. ಮ್ಯಾಪ್‌ನ ಸ್ಟಾರ್‌ಗಳು ಸೈಟನ್ನು ನೇರವಾಗಿ ಮೇಲೆ ತಳ್ಳುತ್ತವೆ ಅಂದುಕೊಳ್ಳಬೇಡಿ ಅಂತ ಆ ಹುಡುಗ ಎಚ್ಚರಿಸಿದ್ದ. ನಡುವೆ ಜನ ಇರುತ್ತಾರೆ. ಮ್ಯಾಪ್ ನೋಡಿ ಬಂದ ಒಬ್ಬ ಅಡುಗೆ ಕಂಟ್ರಾಕ್ಟರ್ ತಮ್ಮ ಸೈಟ್‌ನಲ್ಲಿ ನಮ್ಮ ಲಿಂಕ್ ಹಾಕಿದರು. ಇಲ್ಲಿನ ಒಂದು ಅಪಾರ್ಟ್‌ಮೆಂಟಿನವರು ತಮ್ಮ ಪುಟದಲ್ಲಿ ನಮ್ಮ ಹೆಸರು ಸೇರಿಸಿದರು. ನಾವು ಕೇಳಿರಲಿಲ್ಲ. ಕೆಲಸ ಇಷ್ಟವಾಗಿ ಮಾಡಿದ್ದು. ಅವರಿಬ್ಬರಿಗೂ ದೊಡ್ಡ ನಮಸ್ಕಾರ.

ರಿವ್ಯೂ ಬರೆದವರಿಗೆ ಹೇಗೆ ಧನ್ಯವಾದ ಹೇಳಲಿ? ರಿವ್ಯೂಗೆ ಬದಲಾಗಿ ರಿಯಾಯಿತಿ ಕೊಡುವುದು ನಿಯಮಕ್ಕೆ ವಿರುದ್ಧ, ನಾವು ಕೊಡಲೂ ಇಲ್ಲ. ಆದರೂ ಬಿಡುವು ಮಾಡಿಕೊಂಡು ಬರೆದಿರಿ. ‘ಚೆನ್ನಾಗಿದೆ’ ಅಂತ ಬಿಡದೆ, ಕಲ್ಲು ಕುಟ್ಟಿಸಿದ್ದು, ಮೋಟಾರ್ ವೈಂಡಿಂಗ್ ಮಾಡಿಸಿದ್ದು ಅಂತ ವಿವರವಾಗಿ ಬರೆದಿರಿ. ಅದೇ ತೊಂದರೆ ಇಟ್ಟುಕೊಂಡು ಹುಡುಕಿದವರಿಗೆ ನಿಮ್ಮ ಮಾತೇ ಕಾಣಿಸಿತು. ಒಂದೇ ಸ್ಟಾರ್ ಕೊಟ್ಟ ಶಾರದಾದೇವಿನಗರದ ಮೇಡಂಗೂ ಧನ್ಯವಾದ. ನಾವು ಹಾಕಿದ ಬೆಲ್ಟ್ ಒಂದು ವಾರಕ್ಕೆ ಹರಿದಿತ್ತು, ತಪ್ಪು ನಮ್ಮದೇ. ಅಪ್ಪ ಮನೆಗೇ ಹೋಗಿ ಸರಿ ಮಾಡಿ ಬಂದರು. ಆಮೇಲೆ ಆ ಕಂಪನಿಯ ಬೆಲ್ಟ್ ತರಿಸುವುದನ್ನೇ ನಿಲ್ಲಿಸಿದೆವು.

ಅಜ್ಜಿಯ ಗ್ರೈಂಡರ್ ಮಧ್ಯಾಹ್ನಕ್ಕೆ ರೆಡಿ ಆಯಿತು. ಈ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅಂಗಡಿ ತೆರೆದಿರುತ್ತದೆ, ಮ್ಯಾಪ್‌ನಲ್ಲೂ ಸೈಟ್‌ನಲ್ಲೂ ಅದೇ ಟೈಮ್ ಹಾಕಿದ್ದೇನೆ. ರಿಪೇರಿ ಇಲ್ಲದಿದ್ದರೂ ಬನ್ನಿ. ಅಮ್ಮ ಮೈಸೂರು ಪಾಕ್ ಮಾಡುತ್ತಿದ್ದಾರೆ.