ಮೂರು ಮಕ್ಕಳಿಗೆ ಮೂರು ಪೆಟ್ಟಿಗೆ ಬೇಕಿಲ್ಲ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಮನೆಶಾಲೆಗೆ ಪಠ್ಯ ಆರಿಸುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಆಸೆಯಿಂದ, ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು. ಲೇಖಕರು ಮೊದಲಿನಿಂದ ಕೊನೆಯವರೆಗೂ "ತಾಯಂದಿರೇ" ಎಂದೇ ಕರೆದಿದ್ದಾರೆ. ನಾನು ತಂದೆ. ಬೆಳಿಗ್ಗೆ ಹೆಂಡತಿ ಕಚೇರಿಗೆ ಹೊರಡುತ್ತಾಳೆ, ಮಕ್ಕಳಿಗೆ ಪಾಠ ಹೇಳುವವನು ನಾನು. ಹೊಟ್ಟೆಪಾಡಿನ ಲೆಕ್ಕಪತ್ರದ ಕೆಲಸ ರಾತ್ರಿಗೆ. ಇರಲಿ, ಆ ತಕರಾರು ಇನ್ನೊಂದು ಪತ್ರಕ್ಕಾಯಿತು. ಈಗ ಬರೆಯಲು ಕಾರಣ ಲೇಖನದ ಒಂದೇ ಒಂದು ಸಲಹೆ: ಮಗುವಿನ ವಯಸ್ಸಿಗೆ ತಕ್ಕ ತರಗತಿಯ ಪುಸ್ತಕಗಳ ಪೂರ್ಣ ಸೆಟ್ ಕೊಂಡುಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂಬುದು. ಒಂದೇ ಮಗು ಇರುವ ಮನೆಯಲ್ಲಿ ಆ ಮಾತು ಹೇಗೋ ನಡೆದೀತು. ನಮ್ಮಲ್ಲಿ ಮೂವರು. ಈಗ ದೊಡ್ಡವಳಿಗೆ ಹದಿಮೂರು, ನಡುವಿನವನಿಗೆ ಹತ್ತು, ಚಿಕ್ಕವಳಿಗೆ ಏಳು. ಎರಡು ವರ್ಷದ ಹಿಂದೆ ಇದೇ ಸಲಹೆಯನ್ನು ನಂಬಿ ನಾನು ಅರ್ಧ ವರ್ಷ ಹಾಳು ಮಾಡಿಕೊಂಡೆ.

ಮೂರು ರಟ್ಟಿನ ಪೆಟ್ಟಿಗೆಗಳು ಬಂದವು. ಪ್ರತಿಯೊಂದರಲ್ಲೂ ಆರು ವಿಷಯ, ವಾರವಾರದ ವೇಳಾಪಟ್ಟಿ, ಶಿಕ್ಷಕರ ಕೈಪಿಡಿ. ಲೆಕ್ಕ ಬರೆಯುವುದೇ ಕಸುಬಾದ ನಾನು, ಕೊಳ್ಳುವ ಮೊದಲು ಹಾಕಬೇಕಿದ್ದ ಲೆಕ್ಕವನ್ನು ಕೊಂಡ ಮೇಲೆ ಹಾಕಿದೆ. ಮೂವರು ಮಕ್ಕಳು, ಆರಾರು ವಿಷಯ, ದಿನಕ್ಕೆ 18 ಪಾಠ. ಪಾಠಕ್ಕೆ ಅರ್ಧ ಗಂಟೆ ಎಂದರೂ 9 ಗಂಟೆ. ಹೇಳಿಕೊಡುವವನು ಒಬ್ಬನೇ. ದೊಡ್ಡವಳು ನೈಲ್ ನದಿಯ ನಾಗರಿಕತೆ ಓದುತ್ತಿದ್ದಾಗ ನಡುವಿನವನು ಮಳೆ ಹೇಗೆ ಬರುತ್ತದೆ ಎಂದು ಓದುತ್ತಿದ್ದ, ಚಿಕ್ಕವಳು ಎಲೆಗೆ ಹಸಿರು ಬಳಿಯುತ್ತಿದ್ದಳು. ಒಂದೇ ಗಾಡಿಗೆ ಮೂರು ದಿಕ್ಕಿಗೆ ಎತ್ತು ಕಟ್ಟಿದಂತಾಗಿತ್ತು. ಯಾರಿಗೂ ಪೂರ್ತಿ ಗಮನ ಕೊಡಲಾಗದೆ ಮೂವರ ಮೇಲೂ ರೇಗುತ್ತಿದ್ದೆ. ಆರನೆಯ ತಿಂಗಳಿಗೆ ವೇಳಾಪಟ್ಟಿಯಲ್ಲಿ ನಾವು ಏಳು ವಾರ ಹಿಂದಿದ್ದೆವು.

ಈಗ ಅನ್ನಿಸುವುದೇನೆಂದರೆ, ನಮ್ಮ ತಪ್ಪು ಪುಸ್ತಕದ ಆಯ್ಕೆಯಲ್ಲಿ ಇರಲಿಲ್ಲ, ವಿಷಯಗಳನ್ನು ವಿಂಗಡಿಸದೇ ಇದ್ದುದರಲ್ಲಿತ್ತು. ಕೆಲವು ವಿಷಯ ಏಣಿ ಇದ್ದ ಹಾಗೆ. ಓದು, ಬರಹ, ಲೆಕ್ಕ ಈ ಜಾತಿಯವು. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಕಾಲಿಡುವಂತಿಲ್ಲ. ಇಲ್ಲಿ ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದಲೇ ಹತ್ತಬೇಕು, ಪ್ರತಿಯೊಬ್ಬರಿಗೂ ಪ್ರತ್ಯೇಕ ಪುಸ್ತಕ ಬೇಕು. ಇನ್ನು ಕೆಲವು ಬಯಲು ಇದ್ದ ಹಾಗೆ. ಇತಿಹಾಸ, ವಿಜ್ಞಾನ, ಭೂಗೋಳ, ಕಥೆ, ಚಿತ್ರಕಲೆ. ಬಯಲಿಗೆ ಯಾವ ಮೂಲೆಯಿಂದ ಬೇಕಾದರೂ ಇಳಿಯಬಹುದು, ಮೂವರೂ ಒಟ್ಟಿಗೆ ಇಳಿಯಬಹುದು. ಮಳೆಯ ಪಾಠಕ್ಕೂ ನೈಲ್ ನದಿಯ ಪಾಠಕ್ಕೂ ಹಿಂದುಮುಂದಿನ ನಿಯಮವೇನಿಲ್ಲ. ಪೆಟ್ಟಿಗೆ ಮಾರುವವರು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಮೇಲೆ ತರಗತಿಯ ಅಂಕಿ ಬರೆಯುತ್ತಾರೆ. ನಾವು ಆ ಅಂಕಿಯನ್ನು ನಂಬುತ್ತೇವೆ.

ಆ ಅಂಕಿ ಏನು ಮಾಡುತ್ತದೆ ಎಂಬುದನ್ನು ಮಗನ ಮೂಲಕವೇ ಕಂಡೆ. ಅವನ ಪುಸ್ತಕದ ಮೇಲೆ ಮೂರನೆಯ ತರಗತಿ ಎಂದಿತ್ತು, ವಯಸ್ಸು ಎಂಟು, ಎಲ್ಲವೂ ಸರಿಯಾಗಿಯೇ ಇತ್ತು. ಒಂದು ದಿನ 52ರಲ್ಲಿ 27 ಕಳೆದು 35 ಎಂದು ಬರೆದ. ಮರುದಿನ 503ರಲ್ಲಿ 267 ಕಳೆದು 364 ಎಂದು ಬರೆದ. ಅಜಾಗರೂಕತೆ ಎಂದುಕೊಂಡು ಇಪ್ಪತ್ತು ಲೆಕ್ಕ ಹೆಚ್ಚು ಕೊಟ್ಟೆ. ಇಪ್ಪತ್ತರಲ್ಲೂ ಅದೇ ತಪ್ಪು. ಆಮೇಲೆ ಪಕ್ಕದಲ್ಲಿ ಕುಳಿತು ನೋಡಿದರೆ, ಹುಡುಗ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದ್ದಾನೆ. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬುದರ ಗೊಡವೆಯೇ ಇಲ್ಲ. ಅದು ಅಜಾಗರೂಕತೆಯಲ್ಲ, ಅವನದೇ ಒಂದು ನಿಯಮ, ಅದನ್ನು ಅವನು ನಿಷ್ಠೆಯಿಂದ ಪಾಲಿಸುತ್ತಿದ್ದ. ಹತ್ತು ಎಂದರೆ ಹತ್ತು ಬಿಡಿಗಳ ಕಟ್ಟು ಎಂಬುದು ಅವನಿಗೆ ತಿಳಿದೇ ಇರಲಿಲ್ಲ.

ಬೆಂಕಿಕಡ್ಡಿಗಳನ್ನು ಸುರಿದುಕೊಂಡೆವು. ಹತ್ತತ್ತನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಐದು ಕಟ್ಟು, ಎರಡು ಬಿಡಿ. ಇದರಿಂದ ಇಪ್ಪತ್ತೇಳು ಕೊಡು ಎಂದೆ. ಎರಡು ಕಟ್ಟು ಕೊಟ್ಟ, ಎರಡು ಬಿಡಿ ಕೊಟ್ಟ, ಆಮೇಲೆ ಖಾಲಿ ನೆಲವನ್ನು ನೋಡುತ್ತಾ ಕುಳಿತ. ತುಂಬಾ ಹೊತ್ತು ಕುಳಿತ. ನಾನು ಬಾಯಿ ಬಿಡಬಾರದೆಂದು ನಾಲಿಗೆ ಕಚ್ಚಿಕೊಂಡಿದ್ದೆ. ಕೊನೆಗೆ ಒಂದು ಕಟ್ಟನ್ನು ಎತ್ತಿಕೊಂಡು, "ಇದನ್ನು ಬಿಚ್ಚಬಹುದಾ ಅಪ್ಪ?" ಎಂದ. ಆರು ತಿಂಗಳಲ್ಲಿ ಪೆಟ್ಟಿಗೆಯ ಪುಸ್ತಕ ಕೇಳಿಸಲಾಗದ ಪ್ರಶ್ನೆ ಅದು. 1980ರ ದಶಕದಿಂದ ಸಿಂಗಪುರದ ಗಣಿತ ಪುಸ್ತಕಗಳು ಇದೇ ಕ್ರಮ ಹಿಡಿದು ಹೆಸರು ಮಾಡಿದವು: ಮೊದಲು ವಸ್ತು, ಆಮೇಲೆ ಚಿತ್ರ, ಆಮೇಲೆ ಅಂಕಿ. ನಮ್ಮ ಸೆಟ್ಟಿನಲ್ಲಿ ವಸ್ತುವೂ ಚಿತ್ರವೂ ಹಿಂದಿನ ತರಗತಿಯಲ್ಲೇ ಮುಗಿದುಹೋಗಿದ್ದವು.

ಅವನನ್ನು ಒಂದೂವರೆ ಪುಸ್ತಕ ಹಿಂದಕ್ಕೆ ಕರೆತಂದೆ. ಆಗ ಅವನು ಕೇಳಿದ್ದು ಒಂದೇ: ರಟ್ಟಿನ ಮೇಲಿನ ಅಂಕಿ ತಂಗಿಗೆ ಕಾಣಿಸಬಾರದು. ಹಳೆಯ ಕ್ಯಾಲೆಂಡರ್ ಹಾಳೆ ಹೊದಿಸಿದೆ. ಈಗ ನಮ್ಮ ಮನೆಯ ಯಾವ ಗಣಿತ ಪುಸ್ತಕದ ಮೇಲೂ ತರಗತಿ ಕಾಣುವುದಿಲ್ಲ.

ಇಷ್ಟು ತಿಳಿಯಲು ಹಣ ಸುರಿಯಬೇಕಾಗಿಲ್ಲ. ಅನೇಕ ಪ್ರಕಾಶಕರು ಮಗು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವ ಪರೀಕ್ಷೆಯನ್ನು ಉಚಿತವಾಗಿಯೇ ಕೊಡುತ್ತಾರೆ. ಅದು ಸಿಗದಿದ್ದರೆ, ಕೊಳ್ಳಬೇಕೆಂದಿರುವ ಪುಸ್ತಕಕ್ಕಿಂತ ಒಂದು ಹಂತ ಕೆಳಗಿನದರ ಕೊನೆಯ ಅಧ್ಯಾಯವನ್ನು ಮಗುವಿನ ಮುಂದಿಡಿ. ಹತ್ತರಲ್ಲಿ ಎಂಟನ್ನು ತಾನಾಗಿಯೇ ಮಾಡಿದರೆ ಮುಂದಕ್ಕೆ, ಇಲ್ಲವಾದರೆ ಹಿಂದಕ್ಕೆ. ಇದು ನನ್ನ ಸ್ವಂತ ಅಳತೆ, ಯಾವ ಶಾಸ್ತ್ರವೂ ಅಲ್ಲ. ಓದಿಗೂ ಇದೇ ಮಾತು. ಚಿಕ್ಕವಳು ಐದಕ್ಕೇ ಕಾಗುಣಿತ ಗಡಗಡ ಹೇಳುತ್ತಿದ್ದಳು, ನಾನು ಬೀಗುತ್ತಿದ್ದೆ. ಆದರೆ "ಹಕ್ಕಿ" ಎಂದು ಬರೆದಿದ್ದರೆ "ಹಕಿ" ಎಂದು ಓದುತ್ತಿದ್ದಳು. ಒತ್ತಕ್ಷರ ಅವಳ ಕಣ್ಣಿಗೆ ಅಕ್ಷರದ ಕೆಳಗಿನ ಅಲಂಕಾರ ಅಷ್ಟೇ. ಪೆಟ್ಟಿಗೆಯ ಮೊದಲ ಪಾಠದಲ್ಲೇ ಒತ್ತಕ್ಷರದ ಪದಗಳು ಹನ್ನೊಂದಿದ್ದವು.

ಅಕ್ಕನ ಪುಸ್ತಕ ತಮ್ಮನಿಗೆ ಆಗುತ್ತದೆ ಎಂಬ ಉಳಿತಾಯದ ಮಾತೂ ಲೇಖನದಲ್ಲಿದೆ. ಅಂಗಿಯ ಮಾತಾದರೆ ಒಪ್ಪುತ್ತೇನೆ. ನಮ್ಮ ದೊಡ್ಡವಳಿಗೆ ಒಂದು ವಿಷಯ ಮುಗಿಸಿ ಮುಂದಕ್ಕೆ ಹೋಗಬೇಕು, ಹಿಂದಿನದನ್ನು ಮತ್ತೆ ಕೇಳಿದರೆ ಮುಖ ಗಂಟಿಕ್ಕುತ್ತಾಳೆ. ನಡುವಿನವನಿಗೆ ಕಲಿತದ್ದನ್ನು ಹತ್ತು ದಿನ ಬಿಟ್ಟು ಕೇಳಿದರೆ ಹೊಸದಾಗಿ ಕೇಳಿದಂತೆ ನೋಡುತ್ತಾನೆ. ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲೇ ಅದನ್ನು ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು, ಬಿಟ್ಟುಬಿಟ್ಟು ಮೆಲುಕು ಹಾಕಿದರೆ ನೆನಪು ಉಳಿಯುತ್ತದೆ. ಹಾಗಾಗಿ ಮಗನಿಗೆ ಹಳೆಯದನ್ನು ದಿನವೂ ಸ್ವಲ್ಪ ಸ್ವಲ್ಪ ಬೆರೆಸಿ ಕೊಡುವ ಪುಸ್ತಕ ತಂದೆ, ಮಗಳಿಗೆ ಒಂದೊಂದೇ ಅಧ್ಯಾಯವನ್ನು ಆಳಕ್ಕೆ ಒಯ್ಯುವ ಪುಸ್ತಕ. ಒಂದೇ ಮನೆಯಲ್ಲಿ ಎರಡು ಪ್ರಕಾಶಕರ ಗಣಿತ ಎಂದು ಕೇಳಿದವರು ಹುಬ್ಬೇರಿಸುತ್ತಾರೆ. ಏರಿಸಲಿ.

ಬಯಲಿನ ಮಾತಿಗೆ ಬರುತ್ತೇನೆ. ಉಳಿದದ್ದನ್ನು ಬೇಕಾದರೆ ಕತ್ತರಿಸಿ, ಇದನ್ನು ದಯವಿಟ್ಟು ಉಳಿಸಿ. ಈ ವರ್ಷ ಮೂವರಿಗೂ ಒಂದೇ ವಿಜ್ಞಾನ ಪುಸ್ತಕ ಇಟ್ಟುಕೊಂಡೆವು, ದೊಡ್ಡವಳ ಮಟ್ಟಕ್ಕಿಂತ ತುಸು ಕೆಳಗಿನದು. ಅದರಲ್ಲಿ ಒಂದು ಹಳೆಯ ಪ್ರಯೋಗ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಬೆಂಕಿಯು ಆಮ್ಲಜನಕವನ್ನೆಲ್ಲ ಬಳಸಿಕೊಂಡಿತು, ಆ ಜಾಗಕ್ಕೆ ನೀರು ಬಂತು, ಆದ್ದರಿಂದ ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಎಂದು ಪುಸ್ತಕ ಹೇಳುತ್ತದೆ. ನಾನು ಓದಿದಾಗಲೂ ಹೀಗೇ ಇತ್ತು, ನಂಬಿದ್ದೆ.

ಮಗ ಸ್ಕೇಲ್ ಹಿಡಿದ. ದೊಡ್ಡವಳು ಎರಡು ಬತ್ತಿ ಇಟ್ಟರೆ ಏನಾಗುತ್ತದೆ ಎಂದಳು. ಅದೇ ಲೋಟ, ಅದೇ ನೀರು. ಎರಡಕ್ಕೆ ಹೆಚ್ಚು ಏರಿತು, ಮೂರಕ್ಕೆ ಇನ್ನೂ ಹೆಚ್ಚು. ಅವಳು ಪುಸ್ತಕ ಮಡಚಿ, "ಲೋಟದೊಳಗಿನ ಆಮ್ಲಜನಕ ಅಷ್ಟೇ ತಾನೇ? ಹಾಗಾದರೆ ಪ್ರತಿ ಸಲವೂ ಅಷ್ಟೇ ಏರಬೇಕಿತ್ತು" ಎಂದಳು. ನಾನು ತಬ್ಬಿಬ್ಬಾದೆ. ಗಂಟು ಬಿಚ್ಚಿದವಳು ಚಿಕ್ಕವಳು. ಅವಳ ಮೂಗು ತಟ್ಟೆಯ ಅಂಚಿಗೆ ತಾಗುವಷ್ಟು ಹತ್ತಿರವಿತ್ತು. "ಲೋಟ ಇಡುವಾಗಲೇ ಗುಳುಗುಳು ಎಂದು ಗಾಳಿ ಓಡಿಹೋಯಿತಲ್ಲ ಅಪ್ಪ, ನೀವು ಯಾರೂ ನೋಡಲಿಲ್ಲವಾ?" ನೋಡಿರಲಿಲ್ಲ. ಸಂಗತಿ ಅದೇ. ಬಿಸಿಗೆ ಗಾಳಿ ಹಿಗ್ಗಿ ಅಂಚಿನಿಂದ ಗುಳ್ಳೆಗಳಾಗಿ ಹೊರಬೀಳುತ್ತದೆ. ಬತ್ತಿ ಆರಿದ ಮೇಲೆ ಒಳಗೆ ಉಳಿದದ್ದು ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬತ್ತಿ ಆರುವಾಗಲೂ ಲೋಟದೊಳಗೆ ಸಾಕಷ್ಟು ಆಮ್ಲಜನಕ ಉಳಿದೇ ಇರುತ್ತದೆ. ಐದನೇ ಒಂದು ಭಾಗ ಎಂಬ ಅಂಕಿ ಸರಿ, ಪ್ರಯೋಗ ಅದನ್ನು ತೋರಿಸುತ್ತದೆ ಎಂಬುದು ತಪ್ಪು. ಅಂದು ಚಿಕ್ಕವಳು ಗುಳ್ಳೆಯ ಚಿತ್ರ ಬರೆದಳು, ಮಗ ಅಳತೆಯ ಪಟ್ಟಿ ಬರೆದ, ದೊಡ್ಡವಳು ಪುಸ್ತಕದ ವಾದ ಎಲ್ಲಿ ಮುರಿಯುತ್ತದೆ ಎಂದು ಒಂದು ಪುಟ ಬರೆದಳು. ಪಾಠ ಒಂದೇ, ನನಗೆ ಹಿಡಿದ ಹೊತ್ತು ಐವತ್ತು ನಿಮಿಷ.

ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸುವುದನ್ನು ಲೇಖಕರು "ಅನಿವಾರ್ಯವಾದರೆ ಮಾತ್ರ" ಎಂದು ಬರೆದಿದ್ದಾರೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತೆರೆದ "ಮಕ್ಕಳ ಮನೆ" ಎಂಬ ಶಾಲೆಯಲ್ಲಿ ಚಿಕ್ಕವರೂ ದೊಡ್ಡವರೂ ಬೆರೆತೇ ಇದ್ದರು. ಮೂರು ಮೂರು ವರ್ಷದ ಅಂತರದವರನ್ನು ಒಂದೇ ಗುಂಪಿನಲ್ಲಿಡುವುದು ಆ ಪದ್ಧತಿಯ ಬೆನ್ನೆಲುಬು. ಅಲ್ಲಿ ಅದು ಅನಿವಾರ್ಯಕ್ಕೆ ಮಾಡಿಕೊಂಡ ಹೊಂದಾಣಿಕೆಯಲ್ಲ, ಬೇಕೆಂದೇ ಮಾಡಿದ್ದು. ಕಥೆ, ಇತಿಹಾಸಗಳಿಗೆ ನಾನು ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ ಅವರ ಉಪಾಯ ಹಿಡಿದಿದ್ದೇನೆ: ಒಂದೇ ಸಲ ಓದಿ ಹೇಳುವುದು, ಮಕ್ಕಳು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ಚಿಕ್ಕವಳು ಮೊದಲು ಹೇಳಬೇಕು, ದೊಡ್ಡವಳು ಕೊನೆಗೆ. ಕ್ರಮ ತಿರುಗಿಸಿದರೆ ಚಿಕ್ಕವಳು ಅಕ್ಕ ಹೇಳಿದ್ದನ್ನೇ ಹೇಳಿ ಕೈತೊಳೆದುಕೊಳ್ಳುತ್ತಾಳೆ.

ತೊಡಕು ಇಲ್ಲವೆಂದಲ್ಲ. ಪ್ರಾಚೀನ ಕಾಲದಿಂದ ಇಂದಿನವರೆಗಿನ ಇತಿಹಾಸವನ್ನು ನಾಲ್ಕು ವರ್ಷದ ಸುತ್ತಾಗಿ ಓದಿಸುವ ಕ್ರಮ ಮನೆಶಾಲೆಯವರಲ್ಲಿ ಬಳಕೆಯಲ್ಲಿದೆ. ನಮ್ಮ ಸುತ್ತು ಈಗ ಇಪ್ಪತ್ತನೆಯ ಶತಮಾನಕ್ಕೆ ಬಂದಿದೆ. ಏಳು ವರ್ಷದವಳ ಮುಂದೆ ಯುದ್ಧದ ಎಲ್ಲವನ್ನೂ ಹೇಳಲಾಗುವುದಿಲ್ಲ. ರೇಡಿಯೊ, ವಿಮಾನ, ದಂಡಯಾತ್ರೆಗಳವರೆಗೆ ಮೂವರೂ ಇರುತ್ತಾರೆ. ಸೆರೆಶಿಬಿರಗಳ ಪಾಠವನ್ನು ದೊಡ್ಡವಳೊಬ್ಬಳ ಜೊತೆ ರಾತ್ರಿ, ಬಾಗಿಲು ಮುಚ್ಚಿ ಓದಿದೆ. ಮರುದಿನ ಅವಳು ಏನನ್ನೂ ತಿರುಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೊಡ್ಡವಳಿಗೆ ಇನ್ನು ಪರೀಕ್ಷೆಯ ದಾರಿಯನ್ನೂ ಯೋಚಿಸಬೇಕು. ಮನೆಯಲ್ಲೇ ಓದಿಸಲು ಜರ್ಮನಿಯಂಥ ದೇಶದಲ್ಲಿ ಅವಕಾಶವಿಲ್ಲ, ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಎಲ್ಲೇ ಇದ್ದರೂ ನಿಯಮ ಮೊದಲು, ಪುಸ್ತಕ ಆಮೇಲೆ. ಇದಕ್ಕೆ ಲೇಖನದಲ್ಲಿ ಒಂದು ಸಾಲನ್ನಾದರೂ ಕೊಡಬೇಕಿತ್ತು. ಪಠ್ಯವೇ ಬೇಡ, ಮಗುವಿನ ಆಸಕ್ತಿಯೇ ದಾರಿ ತೋರಿಸಲಿ ಎನ್ನುವವರೂ ಇದ್ದಾರೆ. ಆ ವಿಚಾರದ ಅಮೆರಿಕದ ಲೇಖಕ ಜಾನ್ ಹೋಲ್ಟ್ 1977ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆ ಶುರು ಮಾಡಿದ್ದರು. ಬಯಲಿನ ವಿಷಯಗಳಲ್ಲಿ ಅವರ ಮಾತು ನನಗೆ ಒಪ್ಪಿಗೆ. ಆದರೆ ನನ್ನ ಮಗ ಒತ್ತಾಯವಿಲ್ಲದೆ ತಾನಾಗಿಯೇ ಏಳರ ಮಗ್ಗಿಗೆ ಆಸಕ್ತನಾಗುವ ದಿನಕ್ಕೆ ಕಾಯುವಷ್ಟು ಆಯುಸ್ಸು ನನಗಿಲ್ಲ.

ಈಗ ನಮ್ಮ ದಿನ ಹೀಗಿದೆ: ಓದು, ಬರಹ, ಲೆಕ್ಕ ಮೂವರಿಗೂ ಬೇರೆ ಬೇರೆ, ಇಪ್ಪತ್ತು ನಿಮಿಷದ ಒಂಬತ್ತು ಪಾಠ, ಒಟ್ಟು ಮೂರು ಗಂಟೆ. ಒಬ್ಬರ ಜೊತೆ ನಾನು ಕುಳಿತಾಗ ಒಬ್ಬರು ತಾವೇ ಅಭ್ಯಾಸ ಮಾಡುತ್ತಾರೆ, ಇನ್ನೊಬ್ಬರು ಏನೂ ಮಾಡುವುದಿಲ್ಲ. ಅದಕ್ಕೂ ಜಾಗ ಬಿಟ್ಟಿದ್ದೇನೆ. ಆಮೇಲೆ ಒಂದೂವರೆ ಗಂಟೆ ಎಲ್ಲರೂ ಒಂದೇ ಮೇಜಿಗೆ.

ನಿಮ್ಮ ಮುಂದಿನ ಪುರವಣಿಯಲ್ಲಿ ಪುಸ್ತಕಗಳ ಮುಖಪುಟಗಳ ಬದಲು ನಾಲ್ಕಾರು ಮನೆಗಳ ನಿಜವಾದ ದಿನಚರಿಯನ್ನು ಅಚ್ಚು ಹಾಕಿ ಎಂದು ಕೋರುತ್ತೇನೆ; ಯಾವ ಪಾಠ ಎಷ್ಟು ಹೊತ್ತಿಗೆ ಕೈಬಿಟ್ಟುಹೋಯಿತು ಎಂಬುದೂ ಅದರಲ್ಲಿರಲಿ. ನಮ್ಮದನ್ನು ಕಳಿಸಲು ಸಿದ್ಧನಿದ್ದೇನೆ. ಚಿಕ್ಕವಳು ನಾಲ್ಕನೆಯ ಬತ್ತಿಗೆ ಅರ್ಜಿ ಹಾಕಿ ಕಾಯುತ್ತಿದ್ದಾಳೆ, ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ಮೂವರು ಮಕ್ಕಳ ತಂದೆ, ನಿಮ್ಮ ಓದುಗ